ಮಂಚದ ಪಕ್ಕ ಒಂದು ಚಾಪೆಯ ಜಾಗ

ಯಲಹಂಕ

ಇಂಗ್ಲೆಂಡಿಗೆ ಹೋಗಿ ಬಂದವಳು ಎಂದು ಗೊತ್ತಾದರೆ ಸಾಕು, ರಾಣಿಯನ್ನು ನೋಡಿದಿರಾ ಎಂದು ಕೇಳುತ್ತಾರೆ. ನೋಡಲಿಲ್ಲ. ಅರಮನೆಯ ಗೇಟನ್ನೂ ನೋಡಲಿಲ್ಲ. ಲಂಡನ್ನಿನಲ್ಲಿ ನಾನಿದ್ದದ್ದು ಒಂದು ಮಧ್ಯಾಹ್ನ, ಅದರಲ್ಲೂ ಅರ್ಧ ಹೊತ್ತನ್ನು ತಪ್ಪು ಪ್ಲಾಟ್‌ಫಾರಂನಲ್ಲಿ ಕೂತು ಕಳೆದೆ. ನಾನು ಹೋದದ್ದು ಒಂದು ಮಕ್ಕಳ ವಾರ್ಡು ನೋಡುವುದಕ್ಕೆ. ಅಷ್ಟು ದೂರ ಹೋಗಿ ವಾರ್ಡು ನೋಡಿಕೊಂಡು ಬಂದಳೇ ಎಂದು ನಗುವವರು ನಗಲಿ. ಅಲ್ಲಿ ಏನಾಯಿತು ಎಂಬುದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ನನ್ನ ಹೆಸರು ಅಕ್ಕಯ್ಯಮ್ಮ. ಊರು ಕೋಗಿಲು. ಕೆಲಸ ಯಲಹಂಕದ ಕಡೆಯ ಒಂದು ಚಿಕ್ಕ ಆಸ್ಪತ್ರೆಯಲ್ಲಿ, ಮಕ್ಕಳ ವಾರ್ಡಿನ ನರ್ಸು. ಸುತ್ತಲ ಹಳ್ಳಿಗಳ ಹೆಂಗಸರ ಬಾಯಲ್ಲಿ ನಾನು ನರ್ಸಮ್ಮ. ನಮ್ಮ ವಾರ್ಡಿಗೆ ಮಗು ಬಂದ ಕೂಡಲೇ ನಾವು ಮಾಡುವ ಮೊದಲ ಕೆಲಸ ಜ್ವರ ನೋಡುವುದಲ್ಲ. ಮಂಚದ ಪಕ್ಕ ಒಂದು ಚಾಪೆ ಹಾಸುತ್ತೇವೆ. ಅದು ತಾಯಿಗೆ. ಚಾಪೆ ಬಿದ್ದರೆ ತಾಯಿ ಕೂರುತ್ತಾಳೆ, ತಾಯಿ ಕೂತರೆ ಮಗು ಬಾಯಿ ತೆರೆಯುತ್ತದೆ, ಆಮೇಲೆ ನನ್ನ ಕೆಲಸ. ಇದನ್ನು ಯಾರೂ ನಮಗೆ ಕಲಿಸಿದ್ದಲ್ಲ, ಯಾವ ನಿಯಮದಲ್ಲೂ ಬರೆದದ್ದಲ್ಲ. ಮೊದಲಿನಿಂದ ನಡೆದುಕೊಂಡು ಬಂದದ್ದು.

ಹೊಸ ಆಸ್ಪತ್ರೆಗಳನ್ನು ಕಟ್ಟಿಸಲು ಸರ್ಕಾರ ಹೊರಟಾಗ, ವಾರ್ಡುಗಳ ನಿಯಮಗಳನ್ನು ಗೊತ್ತುಮಾಡಲು ಒಂದು ಸಮಿತಿ ಮಾಡಿತು. ಡಾಕ್ಟರುಗಳು, ಒಬ್ಬ ಇಂಜಿನಿಯರು, ಒಬ್ಬ ಅಧಿಕಾರಿ. ಜೊತೆಗೆ ಒಬ್ಬ ನರ್ಸೂ ಇರಲಿ ಎಂದು ಯಾರಿಗೆ ಹೊಳೆಯಿತೋ ಗೊತ್ತಿಲ್ಲ, ಅವರು ತಣ್ಣಗಿರಲಿ. ಆ ನರ್ಸು ನಾನಾದೆ. ಮೊದಲ ಸಭೆಯಲ್ಲೇ ಓದಿದ ಕರಡಿನಲ್ಲಿ ಒಂದು ಮಾತಿತ್ತು: ಮಕ್ಕಳ ವಾರ್ಡಿನಲ್ಲಿ ತಾಯಂದಿರು ಉಳಿಯಕೂಡದು, ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗತಕ್ಕದ್ದು.

ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು, "ಇದು ಆಗೋ ಮಾತಲ್ಲ ಸಾರ್" ಅಂದೆ.

ಅಧ್ಯಕ್ಷರು ದೊಡ್ಡ ಮಕ್ಕಳ ಡಾಕ್ಟರು, ಇಂಗ್ಲೆಂಡಿನಲ್ಲಿ ಓದಿ ಬಂದವರು. ಸಿಟ್ಟು ಮಾಡಿಕೊಳ್ಳುವ ಮನುಷ್ಯರಲ್ಲ. "ಯಾಕಮ್ಮ ಆಗಲ್ಲ? ಒಬ್ಬ ತಾಯಿ ಜೊತೆ ನಾಲ್ಕು ಜನ ನೆಂಟರು, ಒಂದು ಸ್ಟೌವು, ಒಂದು ಕೋಳಿ ಬರುತ್ತೆ. ಒಂದು ಮಗುವಿನ ಕಾಯಿಲೆ ಇನ್ನೊಂದಕ್ಕೆ ಹೋಗುತ್ತೆ. ಇಂಗ್ಲೆಂಡಲ್ಲಿ ನಾನೇ ಕಣ್ಣಾರೆ ನೋಡಿದೀನಿ, ವಾರ್ಡು ದೇವಸ್ಥಾನ ಇದ್ದಂಗಿರುತ್ತೆ. ಮಕ್ಕಳು ಎರಡು ದಿನ ಅಳ್ತವೆ, ಆಮೇಲೆ ಹೊಂದ್ಕೋತವೆ" ಅಂದರು.

ಕೋಳಿಯ ವಿಷಯ ಸುಳ್ಳೆಂದು ಹೇಳುವಂತಿರಲಿಲ್ಲ. ಹಿಂದಿನ ತಿಂಗಳಷ್ಟೇ ಒಬ್ಬಳು ಕಾಲು ಕಟ್ಟಿದ ಕೋಳಿಯನ್ನು ಮಂಚದ ಕೆಳಗೆ ಬಿಟ್ಟಿದ್ದಳು. ಆದರೂ ನಾನು ಕೂರಲಿಲ್ಲ. ಕೊನೆಗೆ ಅವರೇ ಒಂದು ದಾರಿ ಹೇಳಿದರು. ನರ್ಸುಗಳಿಗೆಂದು ಹೊರದೇಶದ ತರಬೇತಿಗೆ ಒಂದು ವಿದ್ಯಾರ್ಥಿವೇತನ ಇತ್ತು. "ಹೋಗಿ ನೋಡ್ಕೊಂಡು ಬನ್ನಿ. ಅಲ್ಲೀವರೆಗೂ ಈ ನಿಯಮ ಕರಡಾಗೇ ಇರ್ಲಿ. ನೋಡಿ ಬಂದ ಮೇಲೂ ಬೇಡ ಅನ್ಸಿದ್ರೆ ಬಂದು ವಾದ ಮಾಡಿ, ಕೇಳ್ತೀನಿ."

ಹೀಗೆ, ನಾನು ಏನು ನೋಡಿ ಬರುತ್ತೇನೆ ಎಂಬುದರ ಮೇಲೆ ನಮ್ಮ ಚಾಪೆಗಳು ಉಳಿಯುವುದೋ ಹೋಗುವುದೋ ನಿಂತಿತು.

ಯಶವಂತಪುರ

ಪೂನಾ ಕಡೆಯ ರೈಲಿಗೆ ಯಶವಂತಪುರದಲ್ಲಿ ಹತ್ತಿದೆ. ಕಳಿಸಲು ಕೋಗಿಲಿನಿಂದ ಎರಡು ಎತ್ತಿನ ಗಾಡಿ ತುಂಬ ಜನ ಬಂದಿದ್ದರು. ನಾನು ನರ್ಸಿಂಗ್ ಸೇರಿದಾಗ, ಗೌಡರ ಮನೆ ಹೆಣ್ಣು ಕಂಡಕಂಡವರ ಮೈ ಒರೆಸುವುದೇ ಎಂದು ವರ್ಷಗಟ್ಟಲೆ ಮಾತು ಬಿಟ್ಟಿದ್ದ ಚಿಕ್ಕಪ್ಪ, ಆ ದಿನ ಎಲ್ಲರಿಗಿಂತ ಮುಂದೆ ನಿಂತು ಹಾರ ಹಾಕಿ, ಪಕ್ಕದಲ್ಲಿದ್ದ ಯಾರೋ ಅಪರಿಚಿತ ಪ್ರಯಾಣಿಕರಿಗೆ, "ನಮ್ ಅಣ್ಣನ್ ಮಗ್ಳು, ಸರ್ಕಾರ್ದೋರೇ ಕಳುಸ್ತಾವ್ರೆ" ಎಂದು ಹೇಳುತ್ತಿದ್ದ. ಹಾರ ಬಾಡಿದ ಮೇಲೂ ನಾನು ಅದನ್ನು ಅರಸೀಕೆರೆಯವರೆಗೆ ತೆಗೆಯಲಿಲ್ಲ.

ಅಮ್ಮನಿಗೆ ಇದ್ದ ಚಿಂತೆ ಒಂದೇ. "ಅಲ್ಲಿ ರಾಗಿ ಸಿಕ್ತದೇನವ್ವ?"

"ಇಲ್ಲ ಕಣಮ್ಮ."

"ಮತ್ತೆ ಒಟ್ಟೆಗೇನ್ ತಿಂತಾರೆ ಆ ಜನ?"

ಅಮ್ಮ ಉತ್ತರಕ್ಕೆ ಕಾಯದೆ ರಾಗಿಹಿಟ್ಟಿನ ಗಂಟೊಂದು, ಹುರಿಹಿಟ್ಟಿನ ಡಬ್ಬಿಯೊಂದು ಕಿಟಕಿಯಿಂದ ಒಳಗೆ ತಳ್ಳಿದರು. "ಉಸಾರಾಗ್ ಓಗ್ಬುಟ್ಟು ಬಾ. ಆ ಡಾಕುಟ್ರಿಗೆ ಏಳು, ತಾಯೀನ ಆಚೆ ಆಕಿ ಮಗೀನ ಆರೈಕೆ ಮಾಡಾದು ಎಲ್ಲಾದ್ರೂ ಉಂಟಾ ಅಂತ" ಅಂದರು. ರೈಲು ಹೊರಟಿತು. ಗೊರಗುಂಟೆಪಾಳ್ಯದ ಹೊಲಗಳು ದಾಟುವವರೆಗೂ ನನಗೆ ಏನೂ ಸರಿಯಾಗಿ ಕಾಣಿಸಲಿಲ್ಲ.

ಹಡಗು

ಸಮುದ್ರದ ಬಗ್ಗೆ ಬರೆಯುವವರು ಅದರ ಸೊಬಗನ್ನು ಬಹಳ ವರ್ಣಿಸುತ್ತಾರೆ. ಅವರ ಹೊಟ್ಟೆ ಗಟ್ಟಿ ಇರಬೇಕು. ಬೊಂಬಾಯಿ ಬಿಟ್ಟ ಮರುದಿನದಿಂದ ಏಡನ್ ಬರುವವರೆಗೆ ನಾನು ಕಂಡ ಸಮುದ್ರವೆಂದರೆ ತಲೆಯ ಮೇಲಿನ ಮಂಚದ ಹಲಗೆ. ಎದ್ದು ನೋಡಿದ ದಿನ ಕಂಡದ್ದೂ ನೀರೇ. ನಮ್ಮ ಹೆಬ್ಬಾಳದ ಕೆರೆಗೆ ಆಚೆ ದಡ ಅಂತ ಒಂದಿದೆ, ಅಲ್ಲಿ ಎಮ್ಮೆ ಮೈ ತೊಳೆಯುವವರು ಕಾಣಿಸುತ್ತಾರೆ, ನೋಡಲು ಏನಾದರೂ ಇರುತ್ತದೆ.

ನನ್ನ ಕ್ಯಾಬಿನ್ನಿನಲ್ಲಿದ್ದ ಪಂಜಾಬಿ ಹೆಂಗಸು ನನಗಿಂತ ಕಷ್ಟದಲ್ಲಿದ್ದಳು. ಹಡಗಿನ ಊಟ ಕಂಡರೆ ಮುಖ ತಿರುಗಿಸುತ್ತಿದ್ದಳು. ಹುರಿಹಿಟ್ಟಿಗೆ ಬೆಲ್ಲ, ಬಿಸಿನೀರು ಹಾಕಿ ಕಲಸಿ ಕೊಟ್ಟೆ. ಹೊಟ್ಟೆಯಲ್ಲಿ ನಿಂತಿತು. ಮಾರನೆಯ ದಿನ ಪಕ್ಕದ ಕ್ಯಾಬಿನ್ನಿನವರು ಬಂದರು, ಅದರ ಮಾರನೆಯ ದಿನ ಬಿಳಿಯ ಮಿಷನರಿ ಹೆಂಗಸೊಬ್ಬಳು ನಾಚಿಕೊಂಡು ಬಟ್ಟಲು ಹಿಡಿದು ನಿಂತಳು. ಸೂಯೆಜ್ ಕಾಲುವೆ ಹೊಗುವ ಹೊತ್ತಿಗೆ ಅಮ್ಮನ ಡಬ್ಬಿ ಖಾಲಿ. ಇಂಗ್ಲೆಂಡಿಗೆಂದು ಕೊಟ್ಟದ್ದು ಕೆಂಪು ಸಮುದ್ರದಲ್ಲೇ ಮುಗಿಯಿತು.

ಗಿರಣಿಯ ಊರು

ನಾನು ಸೇರಬೇಕಾದ ಆಸ್ಪತ್ರೆ ಇಂಗ್ಲೆಂಡಿನ ಉತ್ತರ ಭಾಗದ ಒಂದು ಹತ್ತಿಗಿರಣಿಯ ಊರಿನಲ್ಲಿತ್ತು. ಊರಿಗಿಂತ ಮೊದಲು ಅದರ ಹೊಗೆ ಬಂದು ನಮ್ಮನ್ನು ಎದುರುಗೊಂಡಿತು. ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು, ಒಂದೇ ಬಣ್ಣ, ಒಂದೇ ಬಾಗಿಲು. ಮೊದಲ ವಾರ ನಾನು ನರ್ಸುಗಳ ಹಾಸ್ಟೆಲ್ಲೆಂದು ತಿಳಿದು ಯಾರದೋ ಮನೆಯ ಕದ ತಟ್ಟಿದೆ. ಬಾಗಿಲು ತೆರೆದ ಮುದುಕ ಬೈಯಲಿಲ್ಲ. ಕ್ಷಮಿಸಿ ಎಂದು ತಾನೇ ಹೇಳಿ, ಮಳೆ ಬರಬಹುದೆಂದು ತಿಳಿಸಿ, ದಾರಿ ತೋರಿಸಿದ. ಆ ದೇಶದಲ್ಲಿ ಕಾಲು ತುಳಿದವರಿಗಿಂತ ಮೊದಲು ತುಳಿಸಿಕೊಂಡವರು ಕ್ಷಮೆ ಕೇಳುತ್ತಾರೆ.

ಬಸ್ಸಿನಲ್ಲಿ ಕಂಡಕ್ಟರು ಹೆಂಗಸು. ಚರ್ಮದ ಚೀಲ ನೇತುಹಾಕಿಕೊಂಡು ಗಂಡಸರನ್ನು ಗದರಿಸಿ ಹಿಂದಕ್ಕೆ ತಳ್ಳುತ್ತಿದ್ದಳು. ನೋಡಿ ನನಗೆ ತುಂಬ ಸಂತೋಷವಾಯಿತು. ಆದರೆ ಚೀಟಿ ಕೊಡುವಾಗ ಮುದುಕರು, ಮಕ್ಕಳು, ನಾನು ಎಂಬ ಭೇದವಿಲ್ಲದೆ ಎಲ್ಲರನ್ನೂ 'ಲವ್' ಎಂದು ಕರೆಯುತ್ತಿದ್ದಳು. ಅಲ್ಲಿ ಅದು ನಮ್ಮ 'ಕಣವ್ವ' ಇದ್ದ ಹಾಗೆ ಎಂದು ಅರ್ಥವಾಗಲು ಕೆಲವು ದಿನ ಬೇಕಾಯಿತು. ಅಲ್ಲಿಯವರೆಗೆ ಬಸ್ಸಿಳಿಯುವಾಗಲೆಲ್ಲ ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಊಟದ ವಿಷಯ ಅಮ್ಮನಿಗೆ ಬರೆಯಲೇ ಇಲ್ಲ. ಎಲೆಕೋಸನ್ನು ಅದರ ಬಣ್ಣ ಹೋಗುವವರೆಗೆ ಬೇಯಿಸಿ, ಆ ನೀರನ್ನು ಚೆಲ್ಲಿ, ಬಸಿದದ್ದನ್ನು ತಿನ್ನುತ್ತಾರೆ. ನಮ್ಮಲ್ಲಾದರೆ ಬಸ್ಸಾರಿಗೆ ನೀರು ಇಟ್ಟುಕೊಳ್ಳುತ್ತಿದ್ದೆವು. ಒಂದು ಭಾನುವಾರ ತಡೆಯಲಾರದೆ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಅಮ್ಮನ ಗಂಟು ಬಿಚ್ಚಿ ರಾಗಿಮುದ್ದೆ ತಿರುವಿದೆ. ನಮ್ಮ ವಾರ್ಡಿನ ಮುಖ್ಯ ನರ್ಸು ಸಿಸ್ಟರ್ ಡಾಸನ್ ರುಚಿ ನೋಡುತ್ತೇನೆಂದರು. ಅಗಿಯಬಾರದು, ನುಂಗಬೇಕು ಎಂದು ನಾನು ಹೇಳುವಷ್ಟರಲ್ಲಿ ದೊಡ್ಡ ತುತ್ತನ್ನು ಬಾಯಿಗಿಟ್ಟು ಅಗಿಯತೊಡಗಿದ್ದರು. ಬಹಳ ಹೊತ್ತು ಅವರಿಗೆ ಮಾತಾಡಲು ಆಗಲಿಲ್ಲ. ಕೊನೆಗೆ ಕಣ್ಣು ಒರೆಸಿಕೊಂಡು, ತುಂಬ ಸೊಗಸಾಗಿದೆ ಎಂದರು. ಸುಳ್ಳಾದರೂ ಮರ್ಯಾದೆಯ ಸುಳ್ಳು.

ಗಾಜಿನ ಬಾಗಿಲು

ವಾರ್ಡಿನ ಬಗ್ಗೆ ನಮ್ಮ ಅಧ್ಯಕ್ಷರು ಹೇಳಿದ್ದು ನಿಜ. ನೆಲದಲ್ಲಿ ಮುಖ ಕಾಣಿಸುತ್ತಿತ್ತು. ಮಂಚಗಳು ಗೆರೆ ಎಳೆದಂತೆ ನಿಂತಿದ್ದವು. ಒಂದು ನೊಣವಿಲ್ಲ, ಒಂದು ಕೂಗಿಲ್ಲ. ಎಷ್ಟೊಂದು ನರ್ಸುಗಳು, ಎಷ್ಟೊಂದು ಬಿಸಿನೀರು. ನಮ್ಮ ಆಸ್ಪತ್ರೆಗೆ ಇದರ ಕಾಲುಭಾಗ ಇದ್ದಿದ್ದರೆ ಎಂದು ಹೊಟ್ಟೆಕಿಚ್ಚಾಯಿತು. ಅವರಿಂದ ಕಲಿತದ್ದು ಬಹಳ, ಅದನ್ನು ಮುಚ್ಚಿಡುವುದಿಲ್ಲ.

ತಾಯಂದಿರು ಬರುತ್ತಿದ್ದದ್ದು ಭಾನುವಾರ ಮಧ್ಯಾಹ್ನ ಮಾತ್ರ. ಉಳಿದ ದಿನ ಬಂದವರು ಗಾಜಿನ ಬಾಗಿಲಿನ ಆಚೆ ನಿಂತು, ಮಗುವಿಗೆ ಕಾಣಿಸದಂತೆ ಪಕ್ಕಕ್ಕೆ ಸರಿದು ನೋಡಿ ಹೋಗಬೇಕು. ಕಂಡರೆ ಮಗು ಅಳುತ್ತದಲ್ಲ. ಬಟ್ಟೆಯೋ ಬೊಂಬೆಯೋ ತಂದಿದ್ದರೆ ಬಾಗಿಲಲ್ಲೇ ಕೊಡಬೇಕು. ಅವರು ಜಗಳ ಮಾಡುತ್ತಿರಲಿಲ್ಲ. ಕೊಟ್ಟು, ಥ್ಯಾಂಕ್ಯೂ ಹೇಳಿ, ಮೆಟ್ಟಿಲಿಳಿದು ಹೋಗಿ, ಕೆಳಗೆ ಗೋಡೆಗೆ ಒರಗಿ ಅಳುತ್ತಿದ್ದರು. ನಮ್ಮವರಾಗಿದ್ದರೆ ಬಾಗಿಲು ಕಿತ್ತುಹಾಕುತ್ತಿದ್ದರು.

ಆ ವಾರ್ಡಿನಲ್ಲಿ ಜಾನೆಟ್ ಎಂಬ ಮಗು ಇತ್ತು. ಇನ್ನೂ ಸರಿಯಾಗಿ ಮಾತು ಬಾರದ ವಯಸ್ಸು. ಸೊಂಟದ ಮೂಳೆಗೆ ಆಪರೇಷನ್ ಆಗಬೇಕಿತ್ತು. ಬಂದ ದಿನ, ಮರುದಿನ, ಕಂಬಿ ಹಿಡಿದು ನಿಂತು ಅಮ್ಮನನ್ನು ಕರೆದು ಕರೆದು ಅತ್ತಳು. ಆಮೇಲೆ ನಿಲ್ಲಿಸಿದಳು. ಕೊಟ್ಟ ಬೊಂಬೆ ಹಿಡಿದುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ತಿನ್ನಿಸಿದರೆ ಬಾಯಿ ತೆರೆಯುವಳು, ಆದರೆ ನುಂಗುವಳಲ್ಲ.

"ನೋಡಿದಿರಾ, ಹೊಂದಿಕೊಂಡಳು" ಅಂದರು ಸಿಸ್ಟರ್ ಡಾಸನ್. ಅವರು ಕೆಟ್ಟವರಲ್ಲ. ಮಕ್ಕಳ ಉಗುರು ತಾವೇ ಕತ್ತರಿಸುತ್ತಿದ್ದರು. ತಾವು ಕಲಿತದ್ದನ್ನು ಹೇಳಿದರು, ಅಷ್ಟೆ.

ನನಗೆ ಮಾತ್ರ ಜೀವ ತಡೆಯಲಿಲ್ಲ. ನಮ್ಮ ವಾರ್ಡಿನಲ್ಲಿ ಕೂಗಾಡುವ ಮಗುವನ್ನು ನಾವು ಆಮೇಲೆ ನೋಡಿದರಾಯಿತು ಎಂದು ಬಿಡುತ್ತೇವೆ. ಸದ್ದಿಲ್ಲದೆ ಬಿದ್ದಿರುವ ಮಗು ಕಂಡರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತೇವೆ. ಆದರೆ ನಾನು ನೋಡಲು ಬಂದವಳು. ಆರು ತಿಂಗಳ ಅತಿಥಿ. ಚಮಚ ಕೆಳಗಿಟ್ಟು ಮುಂದಿನ ಮಂಚಕ್ಕೆ ಹೋದೆ.

ಬುಧವಾರ

ಆಪರೇಷನ್ನಿನ ಮರುದಿನ ಜಾನೆಟ್‌ಗೆ ಜ್ವರ ಏರಿತ್ತು. ಸಿಸ್ಟರ್ ಡಾಸನ್ ಔಷಧಿ ಕೋಣೆಯಲ್ಲಿದ್ದರು. ಗಾಜಿನಾಚೆ ಒಬ್ಬ ಹೆಂಗಸು ಬಂದು ನಿಂತಳು. ಗಿರಣಿಯಿಂದ ನೇರವಾಗಿ ಬಂದಿದ್ದಳು, ಕೋಟಿನ ಮೇಲೆ, ತಲೆವಸ್ತ್ರದ ಮೇಲೆ ಹತ್ತಿಯ ಎಳೆ. ಕೈಯಲ್ಲಿ ಒಗೆದು ಮಡಿಸಿದ ಪುಟ್ಟ ನೈಟ್‌ಗೌನು. ಜಾನೆಟ್‌ಳ ತಾಯಿ, ಮಿಸೆಸ್ ಕ್ಲೆಗ್.

ನಾನು ಬಾಗಿಲು ತೆರೆದೆ, ನೈಟ್‌ಗೌನು ಇಸಿದುಕೊಂಡೆ. ಅಲ್ಲಿಗೆ ನನ್ನ ಕೆಲಸ ಮುಗಿಯಬೇಕಿತ್ತು. ಆದರೆ ಮಗುವಿಗೆ ಜ್ವರ, ಎದುರಿಗೆ ತಾಯಿ. ನನ್ನ ಕೈಗಳು ಇಷ್ಟು ವರ್ಷ ಮಾಡಿದ್ದನ್ನೇ ಮಾಡಿದವು. ಅವಳ ಮೊಣಕೈ ಹಿಡಿದು ಒಳಗೆ ಕರೆತಂದೆ. ಬೀರುವಿನಿಂದ ಒಂದು ಕಂಬಳಿ ತೆಗೆದು, ಮಂಚದ ಪಕ್ಕ ಆ ಹೊಳೆಯುವ ನೆಲದ ಮೇಲೆ ಹಾಸಿದೆ. "ಕೂತ್ಕೊಳ್ಳಿ" ಎಂದು ಅವಳ ಭಾಷೆಯಲ್ಲಿ ಹೇಳಿದೆ. ಹಾಸಿದ ಮೇಲಷ್ಟೇ ನಾನು ಇರುವುದು ಯಲಹಂಕದಲ್ಲಲ್ಲ ಎಂಬುದು ನೆನಪಾಯಿತು.

ಆ ದೇಶದಲ್ಲಿ ಯಾರೂ ನೆಲದ ಮೇಲೆ ಕೂರುವುದಿಲ್ಲ. ಮಿಸೆಸ್ ಕ್ಲೆಗ್ ಒಮ್ಮೆ ನನ್ನನ್ನು, ಒಮ್ಮೆ ಕಂಬಳಿಯನ್ನು ನೋಡಿದಳು. ಆಮೇಲೆ ಕೋಟು ಸಮೇತ ಕೂತೇಬಿಟ್ಟಳು.

ಜಾನೆಟ್ ಅಮ್ಮನನ್ನು ನೋಡಿದಳು. ನೋಡಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ತಾಯಿಯ ಮುಖದ ಬಣ್ಣ ಹೋಯಿತು. "ನನ್ನ ಗುರುತೇ ಇಲ್ಲ ಇವಳಿಗೆ" ಅಂದಳು.

"ಇದೆ. ನಿಮ್ಮ ಮೇಲೆ ಸಿಟ್ಟು. ಅಲ್ಲೇ ಕೂತಿರಿ" ಅಂದೆ.

ಅವಳು ಕೂತಿದ್ದಳು. ಸ್ವಲ್ಪ ಹೊತ್ತಿಗೆ ಕಂಬಿಯ ನಡುವಿನಿಂದ ಒಂದು ಕೈ ಹೊರಬಂದು ತಲೆವಸ್ತ್ರವನ್ನು ಹಿಡಿದುಕೊಂಡಿತು. ಆಮೇಲೆ ಎದ್ದದ್ದು ಅಳು. ಇಡೀ ವಾರ್ಡು ತಿರುಗಿ ನೋಡುವ ಅಳು. ಮಿಕ್ಕ ಮಕ್ಕಳೂ ದನಿಗೂಡಿಸಿದರು.

ಸಿಸ್ಟರ್ ಡಾಸನ್ ಓಡಿಬಂದರು. ಮುಖ ಕೆಂಪಾಗಿತ್ತು. "ಶಾಂತವಾಗಿದ್ದ ಮಗು. ಏನು ಮಾಡಿದಿರಿ ನೋಡಿ" ಅಂದರು. ಅದೇ ಹೊತ್ತಿಗೆ ಮೇಟ್ರನ್ ದಿನದ ರೌಂಡ್ಸಿಗೆ ಬಂದರು. ಆ ಆಸ್ಪತ್ರೆಯ ನರ್ಸುಗಳಿಗೆಲ್ಲ ದೊಡ್ಡವರು, ಎತ್ತರದ ಹೆಂಗಸು, ಅವರು ಬಂದರೆ ಡಾಕ್ಟರುಗಳೂ ಸಿಗರೇಟು ಆರಿಸುತ್ತಿದ್ದರು. ನೆಲದ ಮೇಲೆ ಕೂತ ಹೆಂಗಸನ್ನು, ಕಂಬಳಿಯನ್ನು, ಸೀರೆ ಉಟ್ಟು ನಿಂತ ನನ್ನನ್ನು ನೋಡಿದರು. ನನ್ನನ್ನು ಮುಂದಿನ ಹಡಗಿಗೆ ಹತ್ತಿಸುತ್ತಾರೆ, ನಮ್ಮೂರ ಚಾಪೆಗಳೂ ನನ್ನ ಜೊತೆಗೇ ಹೋದವು ಎಂದುಕೊಂಡೆ.

ಮೇಟ್ರನ್ ಮಗು ಅತ್ತು ಮುಗಿಸುವವರೆಗೆ ನಿಂತಿದ್ದರು. ಜಾನೆಟ್ ಬಿಕ್ಕುತ್ತ, ತಾಯಿ ಹಿಡಿದ ಬಟ್ಟಲಿನಿಂದ ಹಾಲು ಕುಡಿದಳು. ಗುಟುಕು ಇಳಿಯುವ ಸದ್ದು ನಮಗೆಲ್ಲ ಕೇಳಿಸಿತು. ಆಗ ಮೇಟ್ರನ್ ಅಲ್ಲಿದ್ದ ನರ್ಸೊಬ್ಬಳಿಗೆ, "ಮಿಸೆಸ್ ಕ್ಲೆಗ್‌ಗೆ ಒಂದು ಕುರ್ಚಿ ತಂದುಕೊಡು" ಅಂದರು. ನನಗೆ, "ಟೀ ಹೊತ್ತಿಗೆ ನನ್ನ ಕೋಣೆಗೆ ಬಾ" ಅಂದರು.

ಮೇಟ್ರನ್ ಕೋಣೆ

ಟೀ ಕೊಟ್ಟರು. ನಿಯಮ ಮುರಿದದ್ದಕ್ಕೆ ಚೆನ್ನಾಗಿ ಬೈದರು. ಬೈಗುಳ ಮುಗಿದ ಮೇಲೆ ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿ, "ನಿಮ್ಮಲ್ಲಿ ತಾಯಂದಿರು ಯಾವಾಗಲೂ ಹೀಗೇ ಕೂರುತ್ತಾರಾ?" ಎಂದು ಕೇಳಿದರು.

ಹೇಳಿದೆ. ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಟೀ ಆರಿತು. ಆಮೇಲೆ ಅವರು ಹೇಳಿದ ಮಾತಿಗೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಈ ವಿಷಯ ಅವರ ದೇಶದಲ್ಲೂ ಎದ್ದಿತ್ತಂತೆ. ತಾಯಂದಿರನ್ನು ಒಳಗೆ ಬಿಡಬೇಕೆಂದು ಕೆಲವು ಡಾಕ್ಟರು, ನರ್ಸುಗಳು ಪಟ್ಟು ಹಿಡಿದಿದ್ದರಂತೆ. ಆ ಆಸ್ಪತ್ರೆಯ ಆಡಳಿತ ಸಮಿತಿಯೇ ಮುಂದಿನ ವಾರ ಅದನ್ನು ತೀರ್ಮಾನ ಮಾಡಬೇಕಿತ್ತು, ಮತ್ತು ಮೇಟ್ರನ್ ಇನ್ನೂ ಎರಡು ಮನಸ್ಸಿನಲ್ಲಿದ್ದರು.

"ತಾಯಂದಿರು ಒಳಗಿದ್ದರೆ ಹೇಗಿರುತ್ತದೆ ಎಂದು ನಮ್ಮಲ್ಲಿ ಎಲ್ಲರಿಗೂ ಅಭಿಪ್ರಾಯವಿದೆ. ಕಂಡವರು ಯಾರೂ ಇಲ್ಲ. ನೀನು ಬಂದು ಹೇಳುತ್ತೀಯಾ?"

ಬರುತ್ತೇನೆ ಅಂದೆ. ಹೋಗಿ ನೋಡಿ ಕಲಿತು ಬಾ ಎಂದು ನನ್ನನ್ನು ಯಾವ ದೇಶಕ್ಕೆ ಕಳಿಸಿದ್ದರೋ ಆ ದೇಶವೇ, ನಿಮ್ಮಲ್ಲಿ ಹೇಗೆ ಎಂದು ಕೇಳುತ್ತಿತ್ತು.

ಉದ್ದನೆಯ ಮೇಜು

ಸಮಿತಿಯಲ್ಲಿ ಗಿರಣಿ ಮಾಲೀಕರೊಬ್ಬರು ಅಧ್ಯಕ್ಷರು, ಇಬ್ಬರು ಸರ್ಜನ್ನರು, ಒಬ್ಬ ಪಾದ್ರಿ, ಊರಿನ ದೊಡ್ಡ ಮನುಷ್ಯರು ಕೆಲವರು. ಮೇಟ್ರನ್‌ಗೆ ಅಲ್ಲಿ ಕುರ್ಚಿಯೂ ಇತ್ತು, ಮಾತಿಗೆ ತೂಕವೂ ಇತ್ತು. ಅವರ ಪಕ್ಕ ನಾನು, ಆಚೆ ಸಿಸ್ಟರ್ ಡಾಸನ್. ನಾನು ಹಸಿರಂಚಿನ ಮೈಸೂರು ರೇಷ್ಮೆ ಉಟ್ಟಿದ್ದೆ. ಮೇಲೆ ಎರಡು ಸ್ವೆಟರ್ ಹಾಕಿದ್ದರಿಂದ ಅಂಚು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಹಿರಿಯ ಸರ್ಜನ್ ನೇರವಾಗಿ ಕೇಳಿದರು. "ಹೊರಗಿನವರು ಬಂದು ನಿಮ್ಮ ವಾರ್ಡಿಗೆ ಸೋಂಕು ತಂದದ್ದಿಲ್ಲವೇ?"

"ಇದೆ. ಒಮ್ಮೆ ದಡಾರ ಬಂತು. ತಂದವರು ತಾಯಂದಿರಲ್ಲ. ಅಳಿಯನನ್ನು ನೋಡಿ ಹೋಗಲು ಬಂದ ಸೋದರಮಾವ" ಅಂದೆ. ಮೇಜಿನ ಸುತ್ತ ನಗು ಹರಿಯಿತು. "ತಾಯಿಯ ಮೈಯಲ್ಲಿರುವುದು ಮಗುವಿಗೆ ಮನೆಯಲ್ಲೇ ಬಂದಿರುತ್ತದೆ. ಗಲಾಟೆ ಇದೆ, ಗಲೀಜಿದೆ, ನಾನು ದಿನಾ ಜಗಳ ಆಡುತ್ತೇನೆ. ಆದರೆ ಇನ್ನೊಂದು ಮಾತು ಕೇಳಿ."

ಫಾತಿಮಾಬಿಯ ವಿಷಯ ಹೇಳಿದೆ. ಯಲಹಂಕದ ಬಳೆಗಾರರ ಮನೆಯ ಹೆಣ್ಣು. ಅವಳ ಮಗಳಿಗೆ ಗಂಟಲಮಾರಿ. ಆ ದಿನ ಇಡೀ ವಾರ್ಡಿಗೆ ನಾನೊಬ್ಬಳೇ ನರ್ಸು, ಇನ್ನೊಂದು ತುದಿಯಲ್ಲಿ ಬೇರೆ ಮಗುವಿನ ಜೊತೆಗಿದ್ದೆ. ಫಾತಿಮಾಬಿ ಚಾಪೆಯಿಂದ ಎದ್ದು ಬಂದು ನನ್ನ ಸೆರಗು ಜಗ್ಗಿ, "ನರ್ಸಮ್ಮಾ, ಬಚ್ಚೀದು ಉಸ್ರು ಬ್ಯಾರೆ ತರಾ ಆಗೈತೆ" ಅಂದಳು. ನಾನು ಓಡಿದೆ, ಡಾಕ್ಟರು ಓಡಿಬಂದರು, ಗಂಟಲಿಗೆ ಕೊಳವೆ ಹಾಕಿದರು. ಮಗು ಬದುಕಿತು. "ನಿಮ್ಮಲ್ಲಿ ನರ್ಸುಗಳು ಬೇಕಾದಷ್ಟಿದ್ದಾರೆ. ನಮ್ಮಲ್ಲಿ ಇಲ್ಲ. ಆದರೆ ಎಷ್ಟೇ ಇದ್ದರೂ, ಒಂದೇ ಮಗುವಿನ ಉಸಿರು ಕೇಳುತ್ತಾ ಕೂರುವವಳು ಬೇರೆ ಯಾರಿದ್ದಾಳೆ?"

ಆಮೇಲೆ ಸಿಸ್ಟರ್ ಡಾಸನ್‌ರನ್ನು ಕೇಳಿದರು. ಅವರು ತಾಯಂದಿರು ಬೇಡ ಎನ್ನುವ ಪಕ್ಷ, ಎಲ್ಲರಿಗೂ ಗೊತ್ತಿತ್ತು. ಅವರು ಎದ್ದು ನಿಂತರು. "ಆ ಮಗು ಹೊಂದಿಕೊಂಡಿದೆ ಎಂದು ನಾನೇ ಹೇಳಿದ್ದೆ. ತಾಯಿ ಬಂದು ಪಕ್ಕದಲ್ಲಿ ಕೂತ ಮೇಲೆ, ಈ ವಾರ, ಅದು ತಿನ್ನುವುದನ್ನು ನೋಡಿದೆ, ಕೂಗಾಡುವುದನ್ನು ನೋಡಿದೆ. ಮೊದಲಿದ್ದದ್ದು ಹೊಂದಿಕೆಯಲ್ಲ. ನಮ್ಮ ವಾರ್ಡಿನಿಂದಲೇ ಶುರುಮಾಡಿ" ಅಂದರು. ಒಬ್ಬ ನರ್ಸು ತನ್ನ ಬಾಯಿಂದಲೇ ತನ್ನ ಮಾತನ್ನು ಹಿಂತೆಗೆದುಕೊಂಡದ್ದರಲ್ಲಿ ನಾನು ಕಂಡಷ್ಟು ಧೈರ್ಯ ಬೇರೆಲ್ಲೂ ಕಂಡಿಲ್ಲ.

ಒಂದು ವಾರ್ಡಿನಲ್ಲಿ ಮಾಡಿ ನೋಡೋಣ ಎಂದು ತೀರ್ಮಾನವಾಯಿತು. ನಾನು ಹೊರಡುವ ಹೊತ್ತಿಗೆ ಆ ವಾರ್ಡಿನಲ್ಲಿ ಪ್ರತಿ ಮಂಚದ ಪಕ್ಕ ಕುರ್ಚಿ, ಕುರ್ಚಿಯಲ್ಲಿ ಸ್ವೆಟರ್ ಹೆಣೆಯುತ್ತ ಕೂತ ತಾಯಿ. ಒಬ್ಬರ ಜೊತೆ ಒಬ್ಬರು ಮಳೆಯ ವಿಷಯ ಮಾತಾಡುತ್ತಿದ್ದರು.

ಬೆಂಗಳೂರು

ನಮ್ಮ ಸಮಿತಿ ಮತ್ತೆ ಸೇರಿತು. ಅಧ್ಯಕ್ಷರು ಮಾತಿಗೆ ತಪ್ಪಲಿಲ್ಲ. "ಹೇಳಿ ಸಿಸ್ಟರ್, ನೋಡಿದ್ರಲ್ಲ?"

"ನೋಡ್ದೆ ಸಾರ್. ನೀವು ಹೇಳ್ದಂಗೇ ಇತ್ತು. ಈಗ ಅವರೇ ಬದಲಾಯಿಸ್ತಾ ಇದಾರೆ." ನಡೆದದ್ದನ್ನೆಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಆ ಗಾಜಿನಾಚೆ ನಿಂತೋರನ್ನ ನಾನೂ ನೋಡಿದ್ದೆ ಅಮ್ಮ" ಅಂದರು. ಆದರೂ ಸುಲಭಕ್ಕೆ ಬಿಡಲಿಲ್ಲ, ಬಿಡಬಾರದು ಕೂಡ. ಸ್ಟೌವು ಏನು ಮಾಡ್ತೀರಿ ಎಂದರು. ವಾರ್ಡಿನಿಂದ ಆಚೆಗೆ, ಅಡುಗೆಗೆ ಬೇರೆ ಚಪ್ಪರ ಎಂದೆ. ನೆಂಟರು? ಒಂದು ಮಂಚಕ್ಕೆ ಒಬ್ಬಳೇ ತಾಯಿ, ಇಲ್ಲವೇ ಅಜ್ಜಿ. ಸೋದರಮಾವಂದಿರು ಗೇಟಿನ ಹೊರಗೆ. ಕೋಳಿಯನ್ನು ಕೇಳುವ ಮೊದಲೇ ಬಿಟ್ಟುಕೊಟ್ಟೆ. ಸಿಡುಬಿನ ವಾರ್ಡಿಗೆ ಮಾತ್ರ ತಾಯಂದಿರು ಬೇಡವೇ ಬೇಡ ಎಂದು ಅವರು ಹಟ ಹಿಡಿದರು. ಅಲ್ಲಿ ನಾನು ಸೋತೆ. ಅದರ ಕೊರಗು ನನಗಿನ್ನೂ ಇದೆ.

ಆಗ ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಇಂಜಿನಿಯರು ಪೆನ್ಸಿಲ್ ತೆಗೆದರು. "ಅಲ್ಲಮ್ಮ, ಮಂಚ ಮಂಚದ ಮಧ್ಯೆ ಎಷ್ಟು ಬಿಡ್ಬೇಕು? ಚಾಪೆ ಅಂದ್ರೆ ಎಷ್ಟಗಲ? ನಂಗೆ ಲೆಕ್ಕ ಬೇಕು, ಈಗಿರೋ ಪ್ಲಾನಲ್ಲಿ ಒಬ್ಬ ಮನುಷ್ಯ ಅಡ್ಡ ತಿರುಗೋಕಾಗಲ್ಲ."

ಕಚೇರಿಯ ಕಾವಲುಗಾರನ ಚಾಪೆ ತರಿಸಿದೆವು. ಎರಡು ಮೇಜುಗಳನ್ನು ಮಂಚವೆಂದು ನಿಲ್ಲಿಸಿ, ನಡುವೆ ಹಾಸಿದೆವು. ನಾನು ಸೆರಗು ಸಿಕ್ಕಿಸಿಕೊಂಡು ಸರ್ಕಾರಿ ಕಚೇರಿಯ ನೆಲದ ಮೇಲೆ ಕಾಲು ಚಾಚಿ ಕೂತೆ. "ತಾಯಿ ಇಲ್ಲಿ. ನರ್ಸು ಬಗ್ಗಿ ಮಗೂನ ನೋಡೋಕೆ ಈ ಕಡೆ ಇನ್ನೊಂದಿಷ್ಟು ಜಾಗ" ಅಂದೆ. ಇಂಜಿನಿಯರು ಮಂಡಿಯೂರಿ ಟೇಪು ಎಳೆದರು. ಟೇಪಿನ ಇನ್ನೊಂದು ತುದಿಯನ್ನು ಅಧ್ಯಕ್ಷರು ಹಿಡಿದಿದ್ದರು.

ನಕ್ಷೆ ತಿದ್ದಿದರು. ನಿಯಮ ಓದಿದರು. ಒಪ್ಪುವವರು ಕೈ ಎತ್ತಿ ಎಂದಾಗ ನನ್ನ ಕೈಯೂ ಮೇಲೆದ್ದಿತು. ಡಾಕ್ಟರುಗಳ ಕೈಗಳ ಜೊತೆ ಎಣಿಕೆಗೆ ಬಂತು. ನನ್ನ ಜೊತೆ ಓದಿದವರು, ನನಗೆ ಕೆಲಸ ಕಲಿಸಿದವರು, ವಾರ್ಡುಗಳಲ್ಲಿ ಕಾಲು ಊದುವವರೆಗೆ ನಿಂತು ಹೋದ ನರ್ಸುಗಳೆಲ್ಲ ನೆನಪಾದರು. ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಎದೆ ತುಂಬಿ ಬಂತು. ಹೆಮ್ಮೆ ಅನ್ನಿ, ಜಂಬ ಅನ್ನಿ, ನನಗೆ ಎರಡೂ ಒಪ್ಪಿಗೆ.

ಮತ್ತೆ ವಾರ್ಡಿಗೆ

ಅಂದೇ ಸಂಜೆ ಹೆಬ್ಬಾಳದ ಮೇಲಿನ ಬಸ್ಸು ಹಿಡಿದು ಯಲಹಂಕಕ್ಕೆ ಬಂದೆ. ಸೀರೆ ಬದಲಿಸುವ ತಾಳ್ಮೆ ಇಲ್ಲದೆ ನೇರ ವಾರ್ಡಿಗೆ ಹೋದೆ. ಎಂದಿನಂತೆಯೇ ಇತ್ತು. ಒಂದು ಮಗು ಅಳುತ್ತಿತ್ತು, ಇಬ್ಬರು ಹೆಂಗಸರು ಬಿಸಿನೀರಿಗೆ ಜಗಳವಾಡುತ್ತಿದ್ದರು. ಬಾಗಿಲ ಪಕ್ಕದ ಮಂಚದಲ್ಲಿ ಆಮಶಂಕೆಯ ಮಗು, ಕೆಳಗೆ ಬಾಗಲೂರು ಕಡೆಯ ತಾಯಿ.

"ಎಲ್ ಓಗಿದ್ರಿ ನರ್ಸಮ್ಮ? ಬೆಳಗ್ಗಿಂದ ಕಾಣ್ನಿಲ್ಲ."

"ಮೀಟಿಂಗ್ ಇತ್ತು ಕಣವ್ವ."

"ಮೀಟಿಂಗು ಆಮ್ಯಾಕ್ ಮಾಡ್ಕಳ್ರಿ. ಮಗಾ ಕಣ್ ಬಿಟ್ಟು ನೋಡ್ತಾ ಐತೆ. ಗಂಜಿ ಕುಡುಸ್ಲಾ, ಬ್ಯಾಡ್ವಾ, ಅದ್ನೇಳಿ."

ತನ್ನನ್ನು ಗೇಟಿನಾಚೆ ಹಾಕುವ ಮಾತು ವರ್ಷದ ಹಿಂದೆ ಎದ್ದಿತ್ತೆಂದಾಗಲಿ, ಅದು ಆ ದಿನ ಮಧ್ಯಾಹ್ನ ಮುಗಿದುಹೋಯಿತೆಂದಾಗಲಿ ಅವಳಿಗೆ ಗೊತ್ತಿರಲಿಲ್ಲ. ಹೇಳಬೇಕೆಂದು ಬಾಯಿಯವರೆಗೆ ಬಂತು. ಅವಳಾಗಲೇ ಮಗುವಿನ ಕಡೆ ತಿರುಗಿ ಚಮಚ ಕೈಗೆ ತೆಗೆದುಕೊಂಡಿದ್ದಳು.

"ಕುಡ್ಸು. ನಿಧಾನಕ್ಕೆ" ಅಂದೆ.

ಅವಳು ಚಾಪೆಯ ಮೇಲೆ ಪಕ್ಕಕ್ಕೆ ಸರಿದು, ನನಗೂ ಕೂರಲು ಜಾಗ ಬಿಟ್ಟಳು.